ಪಂಚಮಿ ಮುಗಿದ ಮೇಲಿನ ಜೋಕಾಲಿ

ಹೊಳೆದಂಡೆಗೆ ಒಂದು ಮಠ. ಮಠ ಅಂದ ಕೂಡಲೇ ಆನೆ, ಪಲ್ಲಕ್ಕಿ ಅಂತೆಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ಮಣ್ಣಿನ ಮಾಳಿಗೆಯ ಕೆಲವು ಕೋಣೆ, ಸುತ್ತ ಆಳೆತ್ತರಕ್ಕೂ ಮೀರಿದ ಪೌಳಿ ಗೋಡೆ, ಅಂಗಳದ ನಡುವೆ ಒಂದು ಹಳೆಯ ಬೇವಿನ ಮರ. ಇಷ್ಟೇ ಅದರ ವೈಭವ.

ಅಲ್ಲಿದ್ದ ಗುರುವಿನ ಹೆಸರು ಹಾಲಜ್ಜ. ವಯಸ್ಸು ಎಷ್ಟೆಂದು ಕೇಳಿದವರಿಗೆ ದಿನಕ್ಕೊಂದು ಲೆಕ್ಕ ಹೇಳುತ್ತಿದ್ದರು. ಸುತ್ತಲಿನ ಹಳ್ಳಿಗಳ ಮಕ್ಕಳು ಮಠದಲ್ಲೇ ಉಂಡು, ಮಠದಲ್ಲೇ ಮಲಗಿ, ಅಕ್ಷರ ಕಲಿಯುತ್ತಿದ್ದರು.

ಶಿಷ್ಯ ನಿರುಪಾದಿ. ದೂರದ ಪಾಠಶಾಲೆಯಲ್ಲಿ ಗಣಿತ, ವ್ಯಾಕರಣ ಎಲ್ಲ ಅರೆದು ಕುಡಿದು ಬಂದವನು. ಪಾಠ ಹೇಳುವುದನ್ನು ಕಲಿಯಬೇಕೆಂದು ಅಜ್ಜನ ಹತ್ತಿರ ಸೇರಿಕೊಂಡಿದ್ದ. ಕಲಿಯುವುದಕ್ಕೆ ಇನ್ನೇನು ಉಳಿದಿದೆ ಎಂಬ ಅನುಮಾನವೂ ಒಳಗೊಳಗೇ ಇತ್ತು, ಪಾಪ.

ಕಾರಹುಣ್ಣಿಮೆ ಮುಗಿದ ಮೇಲೆ ಒಂದು ಮುಂಜಾನೆ ಮಾಳಪ್ಪ ಎಂಬ ಕುರಿಗಾಹಿ ಮಗಳ ಕೈ ಹಿಡಿದುಕೊಂಡು ಬಂದ. ಅವನ ಕುರಿಹಿಂಡು ಬಾಗಿಲ ಹೊರಗೆ ನಿಂತಿತ್ತು.

"ತಾಯಿಲ್ಲದ ಕೂಸ್ರೀ ಅಜ್ಜಾರ. ಮೈಲವ್ವ ಅಂತ ಹೆಸರು. ನಾಕು ಅಕ್ಷರ ಕಲಸ್ರಿ."

"ನೀನೆಲ್ಲಿಗೆ ಹೊಂಟಿ?"

"ಮೇವು ಇದ್ದಲ್ಲಿಗೆ ರೀ. ದೀಪಾವಳಿಗೆ ತಿರುಗಿ ಬರ್ತೀನಿ. ಅಷ್ಟರಾಗ ಈಕಿ ತಲ್ಯಾಗ ಏನರ ಹೊಕ್ಕಿದ್ರ ಇಲ್ಲೇ ಇರಲಿ. ಹೊಕ್ಕಿಲ್ಲಂದ್ರ ನನ್ನ ಕೂಡ ಕರಕೊಂಡು ಹೋಗ್ತೀನಿ. ಮರಿ ಕಾಯಾಕ ನನಗೂ ಯಾರೂ ಇಲ್ಲ."

ಅಜ್ಜ ಹುಡುಗಿಯ ಕೈಯನ್ನು ನಿರುಪಾದಿಯ ಕೈಯಲ್ಲಿಟ್ಟರು.

"ಈಕಿ ನಿನ್ನ ಪಾಲಿಗೆ, ತಮ್ಮಾ."

ನಿರುಪಾದಿಗೆ ಎಲ್ಲಿಲ್ಲದ ಖುಷಿ. ಅವನ ಮೊಟ್ಟಮೊದಲ ಶಿಷ್ಯೆ ಅವಳು. ದೀಪಾವಳಿಯೊಳಗೆ ಕಾಗುಣಿತ, ಮಗ್ಗಿ, ಕೂಡಿಸುವ ಲೆಕ್ಕ, ಕಳೆಯುವ ಲೆಕ್ಕ ಎಲ್ಲವನ್ನೂ ಇವಳ ಬಾಯಿಗೆ ಬರುವ ಹಾಗೆ ಮಾಡಿಬಿಡುತ್ತೇನೆ ಅಂದುಕೊಂಡ.

ಹುಡುಗಿ ಅಳಲಿಲ್ಲ. ಹಿಂಡಿನ ಗಂಟೆಯ ಸದ್ದು ಅಡಗುವವರೆಗೂ ಬಾಗಿಲಲ್ಲಿ ನಿಂತಿದ್ದಳು, ಆಮೇಲೆ ಒಳಗೆ ಬಂದು ಬಳಪದ ಪಾಟಿಯ ಮುಂದೆ ಕೂತಳು.

ಕೂತಳು ಅಂದರೆ ಕೂತಳು, ಅಷ್ಟೇ.

"ಇದೇನು?" ಎಂದು ನಿರುಪಾದಿ ಪಾಟಿ ತೋರಿಸುವನು.

"ಅ."

"ಸೈ. ಇದು?"

"ಅ."

"ಅಯ್ಯೋ, ಎಲ್ಲಾನೂ ಅ ಆದ್ರ ಹೆಂಗವ್ವಾ?"

"ನೀವು ಏನಂತೀರೋ ಅದ ರೀ ಮಾಸ್ತರ್ರ," ಅನ್ನುವಳು ಮೈಲವ್ವ. ಅದರಲ್ಲಿ ಕುಚೇಷ್ಟೆ ಇರಲಿಲ್ಲ. ಬೇಡದ ಊಟವನ್ನು ಮರ್ಯಾದೆಗೆ ಬಡಿಸಿಕೊಂಡ ಹಾಗೆ ಇತ್ತು ಅವಳ ದನಿ.

ಹೀಗೇ ಶ್ರಾವಣ ಬಂತು. ಪಂಚಮಿ ಬಂತು.

ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟದ ಊರೇ ಇಲ್ಲ. ಮೇವಿನ ಹೇರು ಬಿಗಿಯುವ ದಪ್ಪ ಹಗ್ಗವನ್ನೇ ಮರಕ್ಕೆ ಕಟ್ಟುತ್ತಾರೆ, ನಡುವೆ ಒಂದು ಹಲಗೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಬಿಚ್ಚಿಬಿಡುತ್ತಾರೆ. ಹಗ್ಗ ಹೊಲಕ್ಕೆ ಬೇಕಲ್ಲ!

ಮಠದ ಬೇವಿನ ಮರಕ್ಕೂ ಜೋಕಾಲಿ ಬಿತ್ತು. ಉಂಡಿ ತಿಂದು ಹಬ್ಬ ಮುಗಿಸಿದರು. ಆದರೆ ಹಗ್ಗ ಬಿಚ್ಚುವ ಮಾತನ್ನೇ ಅಜ್ಜ ಎತ್ತಲಿಲ್ಲ.

ಮೈಲವ್ವ ಜೋಕಾಲಿಗೆ ಅಂಟಿಕೊಂಡುಬಿಟ್ಟಳು. ಮುಂಜಾನೆ ಎದ್ದರೆ ಅದರ ಮೇಲೆ, ಉಂಡ ಕೈ ತೊಳೆದರೆ ಅದರ ಮೇಲೆ. ಪಾಠಕ್ಕೆ ಕರೆದರೆ ಬರುವಳು, ಕಣ್ಣು ಮಾತ್ರ ಮರದ ಕಡೆ. ಉಳಿದ ಹುಡುಗಿಯರು ಕಾಲು ಚಾಚಿ ಹಾಡು ಹೇಳುತ್ತ ಹಗುರಾಗಿ ತೂಗಿಕೊಂಡರೆ, ಇವಳು ಹಲಗೆಯ ಮೇಲೆ ನಿಂತು ಜೀಕಿ ಜೀಕಿ ಎತ್ತರಕ್ಕೆ ಹೋಗುವಳು. ನೋಡುವವರ ಜೀವ ಬಾಯಿಗೆ ಬರುತ್ತಿತ್ತು.

ನಿರುಪಾದಿಗೆ ತಡೆಯಲಾಗಲಿಲ್ಲ. ದೀಪಾವಳಿ ಹತ್ತಿರವಾಗುತ್ತಿತ್ತು, ಹುಡುಗಿಯ ತಲೆಯಲ್ಲಿ ಇನ್ನೂ ಅ ಒಂದೇ. ಒಂದು ಬೆಳಿಗ್ಗೆ ಮಕ್ಕಳು ಸ್ನಾನಕ್ಕೆ ಹೊಳೆಗೆ ಹೋದಾಗ ಮರ ಹತ್ತಿ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ಕೋಣೆಯಲ್ಲಿಟ್ಟ.

ಅಜ್ಜ ನೋಡಿದರು.

ಕೇಳದಿದ್ದರೂ ನಿರುಪಾದಿಯೇ ಹೇಳಿದ: "ಪಂಚಮಿ ಮುಗದೈತ್ರಿ ಅಜ್ಜಾರ. ಬಿಚ್ಚೂದು ಪದ್ಧತಿ."

"ಹೌದು. ಪದ್ಧತಿ," ಎಂದು ಅಜ್ಜ ತಮ್ಮ ಕೆಲಸಕ್ಕೆ ಹೋದರು.

ಹೊಳೆಯಿಂದ ಬಂದ ಮೈಲವ್ವ ಬರಿದಾದ ಮರ ನೋಡಿದಳು. ರಂಪ ಮಾಡಲಿಲ್ಲ. ಪೌಳಿ ಗೋಡೆಯ ಬುಡಕ್ಕೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. ಊಟಕ್ಕೆ ಏಳಲಿಲ್ಲ. ನಿರುಪಾದಿ ಪಾಟಿ ಹಿಡಿದು ಪಕ್ಕದಲ್ಲಿ ಕೂತು ರಮಿಸಿದ, ಗದರಿದ, ಕಡೆಗೆ ಬೆಲ್ಲದ ಆಸೆಯನ್ನೂ ತೋರಿಸಿದ. ಅ ಅನ್ನುವುದನ್ನೂ ಬಿಟ್ಟಳು ಹುಡುಗಿ.

ಮರುದಿನವೂ ಅದೇ. ಅದರ ಮರುದಿನವೂ.

ನಿರುಪಾದಿ ಅಜ್ಜನ ಹತ್ತಿರ ಹೋದ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಅಜ್ಜಾರ, ಈ ಹುಡುಗಿಗೆ ಕಲಿಯೂ ಮನಸ ಇಲ್ಲ."

"ಹಗ್ಗ ಎಲ್ಲೈತಿ?" ಅಂದರು ಅಜ್ಜ.

"ಕೋಣ್ಯಾಗ ಐತ್ರಿ."

"ತಗೊಂಡು ಬಾ. ಕಟ್ಟು."

ನಿರುಪಾದಿ ಮುಖ ಊದಿಸಿಕೊಂಡೇ ಕಟ್ಟಿದ. ಹಲಗೆ ಹಾಕಿದ. ಮೈಲವ್ವನನ್ನು ಕರೆಯಲು ಹೊರಟ.

"ಆಕಿನ್ನ ಯಾಕ ಕರೀತಿ? ನೀ ಹತ್ತು."

"ನಾನಾ?"

"ನೀನ."

ಮಕ್ಕಳೆಲ್ಲ ಸುತ್ತ ಸೇರಿದರು. ಮಾಸ್ತರರು ಜೋಕಾಲಿ ಹತ್ತುವುದೆಂದರೆ ಸಣ್ಣ ಸಂಗತಿಯೇ? ನಿರುಪಾದಿ ನಾಚಿಕೆಯಿಂದ ಕುಗ್ಗಿ, ಧೋತರ ಸರಿ ಮಾಡಿಕೊಂಡು ಹಲಗೆಯ ಮೇಲೆ ಕೂತ. ಅಜ್ಜ ಹಿಂದೆ ನಿಂತು ಒಂದು ಸಲ ದೂಡಿದರು.

ಜೋಕಾಲಿ ಮುಂದೆ ಹೋಯಿತು. ಗಾಳಿ ಮುಖಕ್ಕೆ ಬಡಿಯಿತು. ಪರವಾಗಿಲ್ಲವಲ್ಲ ಅನ್ನಿಸಿತು ಅವನಿಗೆ.

ಅದು ಹಿಂದಕ್ಕೆ ಬರುತ್ತಿರುವಾಗಲೇ, ಇನ್ನೂ ಅರ್ಧ ದಾರಿಯಲ್ಲಿರುವಾಗಲೇ, ಅಜ್ಜ ಎರಡೂ ಕೈಯಿಂದ ಜೋರಾಗಿ ದೂಡಿದರು.

ಹಲಗೆ ಗಕ್ಕನೆ ನಿಂತು ಓರೆಯಾಯಿತು. ನಿರುಪಾದಿ ಮುಗ್ಗರಿಸಿದವನು ಹಗ್ಗ ಹಿಡಿದು ಹೇಗೋ ಉಳಿದುಕೊಂಡ. ಮಕ್ಕಳು ಹೋ ಎಂದರು.

ಅಜ್ಜ ಮತ್ತೆ ದೂಡಿದರು. ಮತ್ತೆ ಅರ್ಧ ದಾರಿಯಲ್ಲೇ. ಈ ಸಲ ಇನ್ನೂ ಜೋರು.

"ಅಜ್ಜಾರ! ಬರುವಾಗ ದೂಡಬ್ಯಾಡ್ರೀ!" ನಿರುಪಾದಿ ಕೂಗಿದ. "ಪೂರಾ ಬರಾಕ ಬಿಡ್ರಿ! ತಿರುಗಿ ಹೋಗುವಾಗ ದೂಡ್ರಿ!"

ಅಜ್ಜ ಕೈ ಕೊಡವಿಕೊಂಡರು.

"ನನಗ ಹೊಟ್ಟಿ ಹಸದೈತಿ," ಎಂದು ಅಡುಗೆಮನೆಯ ಕಡೆ ನಡೆದುಬಿಟ್ಟರು.

ನಿರುಪಾದಿ ಜೋಕಾಲಿಯ ಮೇಲೆಯೇ ಕೂತಿದ್ದ. ಅದು ತೂಗಿ ತೂಗಿ ನಿಂತ ಮೇಲೂ ಕೂತಿದ್ದ. ತಾನು ಕೂಗಿದ ಮಾತು ಅವನ ಕಿವಿಯಲ್ಲಿ ಇನ್ನೂ ಇತ್ತು. ಮಕ್ಕಳು ಬೇಸರವಾಗಿ ಒಬ್ಬೊಬ್ಬರೇ ಚದುರಿದರು.

ಎದ್ದು ಗೋಡೆಯ ಹತ್ತಿರ ಹೋದ. ಮೈಲವ್ವ ಹಾಗೆಯೇ ಕೂತಿದ್ದಳು. ಅವನ ಕೈಯಲ್ಲಿ ಪಾಟಿ ಇರಲಿಲ್ಲ.

"ಬಾರವ್ವಾ, ಜೋಕಾಲಿ ಆಡೂಣು."

ಅವಳು ತಿರುಗಿ ನೋಡಿದಳು. ನಂಬಿಕೆ ಬರಲಿಲ್ಲ ಅನ್ನಿಸುತ್ತದೆ, ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡಿದಳು. ಆಮೇಲೆ ಒಂದೇ ಓಟ.

ಅವಳು ಹಲಗೆಯ ಮೇಲೆ ನಿಂತಳು. ನಿರುಪಾದಿ ಹಿಂದೆ ನಿಂತ. ಜೋಕಾಲಿ ಬರುವುದನ್ನು ಕಾದ. ಅದು ಪೂರಾ ಬಂದು, ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಇನ್ನೇನು ತಿರುಗಬೇಕು ಅನ್ನುವಾಗ ಬೆರಳಿನಿಂದ ಮುಟ್ಟಿದ. ಅಷ್ಟಕ್ಕೇ ಸಾಕಾಯಿತು. ಹುಡುಗಿ ಗೋಡೆಯ ಎತ್ತರಕ್ಕೆ ಹೋದಳು, ಗೋಡೆಗಿಂತ ಎತ್ತರಕ್ಕೆ ಹೋದಳು.

ಮೊದಲ ಸಲ ಅವನಿಗೆ ಕೇಳಬೇಕು ಅನ್ನಿಸಿತು.

"ಅಲ್ಲಿಂದ ಏನು ಕಾಣ್ತೈತಿ ಮೈಲವ್ವಾ?"

"ಹೊಳಿ!" ಮೇಲಿಂದ ಬಂತು ದನಿ.

"ಆಮ್ಯಾಲೆ?"

"ಹೊಳಿ ಆಚಿ ದಾರಿ!"

"ಆಮ್ಯಾಲೆ?"

"ಗುಡ್ಡ! ಕೆಂಪು ಗುಡ್ಡ! ನಮ್ಮಪ್ಪ ಕುರಿ ಹೊಡಕೊಂಡು ಹೋದ ಗುಡ್ಡ!"

ನಿರುಪಾದಿಯ ಕೈ ಅಲ್ಲೇ ನಿಂತಿತು. ಇಷ್ಟು ದಿನ ಇವಳು ಪಾಠ ತಪ್ಪಿಸಿಕೊಳ್ಳಲು ಹತ್ತುತ್ತಾಳೆ ಅಂದುಕೊಂಡಿದ್ದನಲ್ಲ! ಅಪ್ಪ ಬರುವ ದಾರಿ ಆ ಗೋಡೆಯ ಆಚೆ ಇತ್ತು. ಪೌಳಿಯೊಳಗಿಂದ ಅದನ್ನು ನೋಡಲು ಜೋಕಾಲಿ ಬಿಟ್ಟರೆ ಅವಳಿಗೆ ಬೇರೆ ಉಪಾಯವಿರಲಿಲ್ಲ. ಅದನ್ನೇ ತಾನು ಬಿಚ್ಚಿ ಸುರುಳಿ ಸುತ್ತಿ ಇಟ್ಟಿದ್ದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ನಿರುಪಾದಿ ಒಂದು ಕೋಲು ತೆಗೆದುಕೊಂಡು ಮರದ ಕೆಳಗಿನ ಮಣ್ಣಿನಲ್ಲಿ ಬರೆದ. ಅಕ್ಷರ ಅಂದರೆ ಎಂಥ ಅಕ್ಷರ! ಒಂದೊಂದೂ ಎತ್ತು ಮಲಗಿದಷ್ಟು ಅಗಲ. ಕೆಳಗೆ ನಿಂತವರಿಗೆ ಉತ್ತ ಸಾಲಿನ ಹಾಗೆ ಕಾಣುತ್ತಿತ್ತು, ತಲೆಬುಡ ತಿಳಿಯುತ್ತಿರಲಿಲ್ಲ. ಮೇಲಿಂದ ನೋಡಿದರೆ ಮಾತ್ರ ಓದಲು ಬರುತ್ತಿತ್ತು.

"ಮಾಸ್ತರ್ರ, ಏನದು?" ಮೈಲವ್ವ ಮೇಲಿಂದ ಕೇಳಿದಳು.

"ನೀ ನಿನ್ನೆ ನೋಡಿದ್ದು. ಹೊಳಿ."

ಅವಳು ಹೋದಳು, ಬಂದಳು, ಹೋದಳು. ಪ್ರತಿ ಸಲ ಬಗ್ಗಿ ನೋಡಿದಳು.

"ಹೊ... ಳಿ. ಖರೇನ ಹೊಳಿ! ದಾರಿ ಎಲ್ರೀ?"

"ಬರದಿಲ್ಲ."

"ಅಯ್ಯ! ದಾರಿ ಇಲ್ಲಂದ್ರ ಅಪ್ಪ ಹೆಂಗ ಬರ್ತಾನ?" ಎನ್ನುತ್ತ ಅವಳೇ ಕೆಳಗೆ ಹಾರಿದಳು. ಕೋಲು ಕಸಿದುಕೊಂಡಳು. "ತೋರಸ್ರಿ, ದಾ ಹೆಂಗ ಬರೀತಾರ?"

ಅಂದು ದಾರಿ ಬರೆದಳು. ಗುಡ್ಡಕ್ಕೆ ಒತ್ತಕ್ಷರ ಬೇಕಾಯಿತು, ಅದನ್ನೂ ಬರೆದಳು. ಕುರಿ ಬರೆದಳು, ಮರಿ ಬರೆದಳು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ಉಳಿದ ಮಕ್ಕಳು ನಾವೂ ಓದುತ್ತೇವೆ, ನಾವೂ ಹತ್ತುತ್ತೇವೆ ಎಂದು ಮುಗಿಬಿದ್ದರು.

ಮುಗಿಬಿದ್ದ ಮೇಲೆ ಜಗಳ ಆಗಲೇಬೇಕಲ್ಲ. ಪಾಳಿ ಹಚ್ಚಿದರು. ಒಬ್ಬೊಬ್ಬರಿಗೆ ಇಷ್ಟು ಜೀಕು, ಆಮೇಲೆ ಇಳಿಯಬೇಕು. ಎಷ್ಟು ಮಕ್ಕಳು, ಎಷ್ಟು ಜೀಕು, ನನ್ನ ಪಾಳಿಗೆ ಇನ್ನೂ ಎಷ್ಟು ಉಳಿಯಿತು ಎಂದು ಎಣಿಸಿ ಎಣಿಸಿಯೇ ಅವರಿಗೆ ಮಗ್ಗಿ ಅರ್ಧ ಬಂದುಬಿಟ್ಟಿತು. ತನ್ನ ಪಾಲಿನ ಆಟ ಎಂದರೆ ಲೆಕ್ಕ ತಪ್ಪುವ ಮಗು ಇಲ್ಲ.

ಒಂದು ದಿನ ಗಂಗವ್ವ ಎಂಬ ಪುಟ್ಟ ಹುಡುಗಿ ಅಳುತ್ತ ಬಂದಳು.

"ಮಾಸ್ತರ್ರ, ಇದು ಮೋಸ ರೀ. ಮೈಲಿ ದೊಡ್ಡ ದೊಡ್ಡ ಜೀಕು ಹೊಡೀತಾಳ. ಆಕಿ ಅಷ್ಟು ದೂರ ಹೋಗಿ ಬರಾಕ ಎಷ್ಟೊತ್ತು ಬೇಕು! ನಂದು ಸಣ್ಣ ಜೀಕು, ಲಗೂನ ಮುಗೀತೈತಿ. ಎಣಕಿ ಒಂದಾದ್ರೂ ಆಕಿಗೇ ಹೆಚ್ಚು ಹೊತ್ತು ಸಿಗ್ತೈತಿ."

"ಹೌದಲ್ಲ!" ಅಂದ ನಿರುಪಾದಿ. ನ್ಯಾಯವಾದ ಮಾತು ಅನ್ನಿಸಿತು. ಎಲ್ಲರಿಗೂ ಹಾಗೇ ಅನ್ನಿಸಿತು.

ಮೈಲವ್ವ ಮಾತ್ರ ಒಪ್ಪಲಿಲ್ಲ. "ಹೆಚ್ಚಿಗಿ ಏನೂ ಸಿಗೂದಿಲ್ಲ. ಬೇಕಾದ್ರ ನೋಡ್ರಿ."

ನೋಡಿಯೇ ಬಿಡೋಣ ಎಂದು ನಿರುಪಾದಿ ಪಕ್ಕದಲ್ಲೇ ಇನ್ನೊಂದು ಜೋಕಾಲಿ ಕಟ್ಟಿದ. ಹಗ್ಗ ಅಳೆದು, ಎರಡೂ ಸಮ ಇವೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿದ. ಒಂದರಲ್ಲಿ ಮೈಲವ್ವ, ಒಂದರಲ್ಲಿ ಗಂಗವ್ವ. ಮೈಲವ್ವನನ್ನು ಬಲು ಹಿಂದಕ್ಕೆ ಎಳೆದು ಹಿಡಿದರು, ಗಂಗವ್ವನನ್ನು ಒಂದು ಗೇಣು ಮಾತ್ರ.

"ಬಿಡ್ರಿ!"

ಇಬ್ಬರೂ ಹೋದರು. ಒಬ್ಬಳು ದೂರ, ಒಬ್ಬಳು ಇಲ್ಲೇ. ಇಬ್ಬರೂ ಒಂದೇ ಹೊತ್ತಿಗೆ ತಿರುಗಿ ಬಂದರು.

ನಿರುಪಾದಿ ಹಗ್ಗಗಳನ್ನು ಇನ್ನೊಮ್ಮೆ ಅಳೆದ.

"ಮತ್ತೊಮ್ಮೆ," ಅಂದ ನಿರುಪಾದಿ.

ಮತ್ತೊಮ್ಮೆಯೂ ಹಾಗೇ. ಅದಲು ಬದಲು ಮಾಡಿ ಕೂರಿಸಿದರು, ಹಾಗೇ. ಅಡುಗೆಯ ದಪ್ಪ ಬಸವಂತನನ್ನು ಕರೆತಂದು ಗಂಗವ್ವನ ಪಕ್ಕದ ಜೋಕಾಲಿಯಲ್ಲಿ ಕೂರಿಸಿದರು. ಕೊಂಬೆ ಕಿರುಗುಟ್ಟಿತು, ಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೂ ಇಬ್ಬರೂ ಕೂಡಿಯೇ ಬಂದರು.

ಮೈಲವ್ವ ನಿರುಪಾದಿಯ ಮುಂದೆ ಬಂದು ನಿಂತಳು. ಅವಳ ಕಣ್ಣು ಅವನು ಈವರೆಗೆ ನೋಡಿರದ ಹಾಗೆ ಹೊಳೆಯುತ್ತಿತ್ತು.

"ಯಾಕ್ರೀ ಮಾಸ್ತರ್ರ?"

ಅವಳು ಕೇಳಿದ ಮೊದಲ 'ಯಾಕೆ' ಅದು. ನಿರುಪಾದಿಗೆ ಉತ್ತರ ಗೊತ್ತಿರಲಿಲ್ಲ.

ಅವನು ಅಜ್ಜನ ಹತ್ತಿರ ಓಡಿದ.

"ಅಜ್ಜಾರ, ದೂರ ಹೋದ ಜೋಕಾಲಿ, ಸಣ್ಣಗ ತೂಗಿದ ಜೋಕಾಲಿ, ಎರಡೂ ಕೂಡೇ ಬರ್ತಾವು. ಯಾಕ ಅಂತ ಹುಡುಗಿ ಕೇಳಾಕತ್ತಾಳ. ಏನು ಹೇಳಲಿ?"

"ನಿನಗ ಏನು ಗೊತ್ತೈತಿ?"

"ಏನೂ ಗೊತ್ತಿಲ್ರಿ."

"ಅದನ್ನ ಹೇಳು."

ನಿರುಪಾದಿ ಕಾಲೆಳೆಯುತ್ತ ಮರದ ಹತ್ತಿರ ಬಂದ. ಮಕ್ಕಳ ಮುಂದೆ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ ಅಂದುಕೊಂಡೇ ಬಾಯಿಬಿಟ್ಟ.

"ನನಗ ಗೊತ್ತಿಲ್ಲವ್ವಾ."

"ನಿಮಗೂ ಗೊತ್ತಿಲ್ಲೇನು!" ಮೈಲವ್ವ ಚಪ್ಪಾಳೆ ತಟ್ಟಿದಳು. "ಹಂಗಾರ ಬರ್ರಿ, ಹಗ್ಗ ಗಿಡ್ಡ ಮಾಡಿ ನೋಡೂಣು!"

ಗಿಡ್ಡ ಮಾಡಿದರು. ಗಿಡ್ಡ ಹಗ್ಗದ ಜೋಕಾಲಿ ಚುರುಕಾಗಿ ತೂಗಿ ಮೊದಲೇ ತಿರುಗಿ ಬಂದುಬಿಟ್ಟಿತು! ಅಂದಿನಿಂದ ಮೈಲವ್ವನನ್ನು ಪಾಠಕ್ಕೆ ಕರೆಯುವ ಪ್ರಶ್ನೆಯೇ ಇರಲಿಲ್ಲ. ಅವಳೇ ಮಾಸ್ತರರನ್ನು ಊಟದ ನಡುವೆ ಎಬ್ಬಿಸಿಕೊಂಡು ಹೋಗುತ್ತಿದ್ದಳು.

ಇಷ್ಟಾದರೂ ದೀಪಾವಳಿ ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಬಂದೇ ಬಂತು.

ಮಾಳಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದ. ಮಗಳು ಓಡಿ ಹೋಗಿ ಸೊಂಟ ತಬ್ಬಿಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಅಲ್ಲಿಂದಲೇ ಅಜ್ಜನಿಗೆ ತಲೆಬಾಗಿದ.

"ಏನರ ಕಲಿತಾಳೇನ್ರಿ?"

"ಆಕಿನ್ನ ಕೇಳು," ಅಂದರು ಅಜ್ಜ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಮಗ್ಗಿ ಹೇಳು ನನ್ನವ್ವಾ," ಅಂದ ಮಾಳಪ್ಪ. "ನಾ ಸಣ್ಣಾವಿದ್ದಾಗ ಕುರಿ ಹೊಡಕೊಂಡು ಹೋಗುವಾಗ ಸಾಲಿ ಗ್ವಾಡಿ ಹೊರಗ ನಿಂತು ಕೇಳ್ತಿದ್ದೆ. ಒಳಗಿನ ಹುಡುಗರು ಮಗ್ಗಿ ಹೇಳೂದು ಎಷ್ಟು ಚಂದ ಇರ್ತಿತ್ತು ಅಂತೀ! ನಿನ್ನ ಬಾಯಾಗ ಒಮ್ಮೆ ಕೇಳ್ತೀನಿ."

ಮೈಲವ್ವ ಕೈಕಟ್ಟಿ ನಿಂತಳು. ಮಕ್ಕಳೆಲ್ಲ ನೋಡುತ್ತಿದ್ದರು.

"ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಕು. ಏಳ್ಮೂರ್ಲೆ..."

ನಿಂತುಬಿಟ್ಟಳು.

ಇಪ್ಪತ್ತೊಂದು ಎನ್ನುವುದು ನಿರುಪಾದಿಯ ನಾಲಗೆಯ ತುದಿಗೆ ಬಂದಿತ್ತು. ತುಟಿ ಆಡಿಸಿದರೂ ಸಾಕು, ಅವಳು ಹಿಡಿದುಕೊಳ್ಳುತ್ತಿದ್ದಳು. ಅವಳ ಮುಖ ನೋಡಿದ. ಅವಳು ಇನ್ನೂ ಹುಡುಕುತ್ತಿದ್ದಳು. ಜೋಕಾಲಿ ಇನ್ನೂ ಅರ್ಧ ದಾರಿಯಲ್ಲಿದೆ, ಈಗ ಬಾಯಿ ಹಾಕಬಾರದು ಅನ್ನಿಸಿತು, ಹಲ್ಲು ಕಚ್ಚಿ ಸುಮ್ಮನಾದ.

ಮೈಲವ್ವನಿಗೆ ಮುಂದಿನದು ಹೊಳೆಯಲೇ ಇಲ್ಲ.

"ಆತು ಬಿಡವ್ವಾ," ಅಂದ ಮಾಳಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಎಲ್ಲಾರಿಗೂ ಬರೂದಲ್ಲ ಅದು. ಅರಿಬಿ ಗಂಟು ಕಟ್ಟಿಕೋ."

ಒಂದು ಮಾತು ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ತಾನು ಸುಮ್ಮನಿದ್ದು ಹುಡುಗಿಯನ್ನು ಕೈಯಾರೆ ಕಳೆದುಕೊಂಡೆ ಎಂದು ನಿರುಪಾದಿ ತನ್ನನ್ನೇ ಬೈದುಕೊಂಡ.

ಮೈಲವ್ವ ಅಲುಗಾಡಲಿಲ್ಲ.

"ಯಪ್ಪಾ, ಒಂದ್ಸಲ ಜೋಕಾಲಿ ಆಡಿ ಹೋಗೂಣು."

"ಹುಚ್ಚಿ, ಪಂಚಮಿ ಮುಗದು ಎಷ್ಟು ದಿನ ಆತು!"

"ಒಂದ ಒಂದ್ಸಲ."

ಮಾಳಪ್ಪ ಅಜ್ಜನ ಕಡೆ ನೋಡಿದ. ಅಜ್ಜ ಶೇಂಗಾದಿಂದ ತಲೆಯೆತ್ತಲಿಲ್ಲ. ಮಾಳಪ್ಪ ಕಂಬಳಿಯನ್ನು ಕೆಳಗಿಟ್ಟು, ನಾಚಿಕೊಳ್ಳುತ್ತ ಹಲಗೆಯ ಮೇಲೆ ಕೂತ. ಅಷ್ಟೇ ಉದ್ದ ಹಗ್ಗದ ಪಕ್ಕದ ಜೋಕಾಲಿಯಲ್ಲಿ ಮಗಳು ಕೂತಳು.

ಎತ್ತರಕ್ಕೆ ಹೋದ ಮಾಳಪ್ಪ ಕೆಳಗೆ ನೋಡಿ ಕೂಗಿದ: "ಏ, ನೆಲದ ಮ್ಯಾಲ ಏನೋ ಗೀಚೈತಲ್ಲ!"

"ನಾ ಮುಂಜಾನೆ ಬರದೀನಿ."

"ಏನಂತ?"

"'ಕುರಿ ಬಂದವು' ಅಂತ. ಗುಡ್ಡದ ದಾರ್ಯಾಗ ನಿನ್ನ ಹಿಂಡು ಕಂಡ ಕೂಡಲೇ ಇಳದು ಬರದೆ."

ಮಾಳಪ್ಪ ಜೋಕಾಲಿ ಇಳಿಯುವಾಗಲೆಲ್ಲ ಬಗ್ಗಿ ಬಗ್ಗಿ ನೋಡಿದ. ಓದಲು ಬಾರದ ಆ ಗೆರೆಗಳು ತನ್ನ ಬಗ್ಗೆ ಇವೆ ಎಂಬುದೇ ಅವನಿಗೆ ಸೋಜಿಗವಾಗಿತ್ತು.

"ಯಪ್ಪಾ, ಈಗ ನೀ ದೊಡ್ಡ ಜೀಕು ಹೊಡಿ. ನಾ ಸಣ್ಣಗ ತೂಗ್ತೀನಿ. ಯಾರು ಮೊದಲು ತಿರುಗಿ ಬರ್ತಾರ ಹೇಳು?"

"ನೀನ. ನನ್ನ ದಾರಿ ದೂರ ಅಲ್ಲೇನು?"

"ನೋಡೂಣು!"

ನಿರುಪಾದಿ ಇಬ್ಬರನ್ನೂ ಹಿಡಿದು ಕೂಡಿ ಬಿಟ್ಟ. ಅಪ್ಪ ದೂರ ಹೋದ, ಮಗಳು ಇಲ್ಲೇ ತೂಗಿದಳು. ಇಬ್ಬರೂ ಕೂಡಿ ಬಂದರು. ಮತ್ತೆ ಹೋದರು, ಮತ್ತೆ ಕೂಡಿ ಬಂದರು.

"ನೀ ಬೇಕಂತ ತಡ ಮಾಡಾಕತ್ತಿ!"

"ಜೋಕಾಲಿ ಮ್ಯಾಲ ಕೂತು ತಡ ಮಾಡಾಕ ಬರ್ತೈತೇನಪ್ಪಾ?" ಮೈಲವ್ವ ಕಿಲಕಿಲ ನಕ್ಕಳು.

ಮಾಳಪ್ಪ ಮತ್ತೊಂದು ಸಲ ಬಿಡಿಸಿಕೊಂಡ. ಮತ್ತೊಂದು ಸಲ. ನಗುತ್ತಿದ್ದವನು ಬರಬರುತ್ತ ನಗುವುದನ್ನು ನಿಲ್ಲಿಸಿ, ಪಕ್ಕದಲ್ಲಿ ಬರುವ ಮಗಳನ್ನೇ ನೋಡತೊಡಗಿದ. ಅವನು ಎಷ್ಟು ದೂರ ಹೋದರೂ, ತಿರುಗಿ ಬರುವಾಗ ಅವಳು ಪಕ್ಕದಲ್ಲಿರುತ್ತಿದ್ದಳು.

ಕಡೆಗೆ ಕಾಲು ಊರಿ ನಿಲ್ಲಿಸಿದ.

"ಯಾಕ ಹಿಂಗಾಗ್ತೈತಿ?"

"ಗೊತ್ತಿಲ್ಲಪ್ಪ. ಮಾಸ್ತರರಿಗೂ ಗೊತ್ತಿಲ್ಲ. ನಾವು ಹುಡುಕಾಕತ್ತೀವಿ. ಹಗ್ಗದಾಗ ಏನೋ ಐತಿ ಅಂತ ನನಗ ಅನಸ್ತೈತಿ."

ಮಾಳಪ್ಪ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಬೆವರೋ ಕಣ್ಣೀರೋ, ನಿರುಪಾದಿ ನೋಡಲು ಹೋಗಲಿಲ್ಲ.

"ಅಜ್ಜಾರ," ಅಂದ ಮಾಳಪ್ಪ. "ನಾ ಅಷ್ಟು ದೂರ ಹೋಗಿ ಬಂದ್ರೂ, ಈಕಿ ಇಲ್ಲೇ ಇದ್ದು ಬಂದ್ರೂ, ಇಬ್ರೂ ಕೂಡೇ ಬಂದ್ವಿ ನೋಡ್ರಿ."

"ನೋಡಿದೆ," ಅಂದರು ಅಜ್ಜ.

ಮಾಳಪ್ಪ ಕಂಬಳಿ ಎತ್ತಿ ಕೊಡವಿದ. ಮಗಳ ಗಲ್ಲ ಹಿಡಿದ.

"ಯುಗಾದಿಗೆ ಬರ್ತೀನವ್ವಾ. ಅಷ್ಟರಾಗ ಅದು ಯಾಕ ಹಂಗ ಅಂತ ಕಲತು ಇಟ್ಟುಕೊಂಡಿರು, ನನಗ ಹೇಳಬೇಕು. ಅಲ್ಲಿ ಕುರಿ ಹಿಂದ ನಡಿಯುವಾಗೆಲ್ಲ 'ಯಾಕ' ಅಂತ ನಾನೂ ಯೋಚನಿ ಮಾಡ್ತಿರ್ತೀನಿ." ಆಮೇಲೆ ನಿರುಪಾದಿಗೆ ಕೈಮುಗಿದ. "ಮಾಸ್ತರ್ರ, ಆಕಿಗೆ ಅದನ್ನ ಕಲಸ್ರಿ. ನಿಮ್ಮ ಮ್ಯಾಲ ಬಿಟ್ಟೀನಿ."

ಮೈಲವ್ವ ಜೋಕಾಲಿ ಹತ್ತಿ, ಅಪ್ಪ ಗುಡ್ಡದ ಆಚೆ ಇಳಿಯುವವರೆಗೂ ಎತ್ತರ ಎತ್ತರಕ್ಕೆ ಜೀಕುತ್ತ ನೋಡಿದಳು. ಕೆಳಗಿಳಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು, ಮುಖದ ತುಂಬ ನಗುವಿತ್ತು. ಉಳಿದ ಮಕ್ಕಳು ಅವಳನ್ನು ಎಳೆದುಕೊಂಡು ದೀಪ ಹಚ್ಚಲು ಓಡಿದರು.

ಸಂಜೆಯಾಯಿತು. ನಿರುಪಾದಿ ಖಾಲಿ ಜೋಕಾಲಿಯ ಮೇಲೆ ಒಬ್ಬನೇ ಕೂತ. ಹುಡುಗಿ ಉಳಿದಳು ಎಂಬ ಸಂತೋಷ ಎದೆಯ ತುಂಬ ಇತ್ತು. ಅದರ ಪಕ್ಕದಲ್ಲೇ ಭಯವೂ ಕೂತಿತ್ತು. ಯುಗಾದಿಗೆ ಆ ಮನುಷ್ಯ ಬರುತ್ತಾನೆ, ಕೇಳುತ್ತಾನೆ.

ಅಜ್ಜ ನಿಧಾನಕ್ಕೆ ನಡೆದು ಬಂದು ಅವನ ಮುಂದೆ ನಿಂತರು.

"ಅಜ್ಜಾರ," ಅಂದ ನಿರುಪಾದಿ. "ನಿಮಗ ಅದು ಯಾಕ ಹಂಗ ಅಂತ ಖರೇನ ಗೊತ್ತಿಲ್ಲೇನ್ರಿ?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಆ ಕೂಸಿಗೆ ನಾ ಹೆಂಗ ಕಲಸಲಿ?"

ಅಜ್ಜ ಧೋತರದ ಚುಂಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಂದು ಕೈಯಿಂದ ಹಗ್ಗ ಹಿಡಿದರು.

"ಸರಕೋ. ನನಗೂ ಒಂದೀಟು ಜಾಗ ಮಾಡು."